ಮೈಲುತುತ್ತ: ಬೆಟ್ಟದ ಕಲ್ಲಿನಿಂದ ಅಡಕೆಯ ಕೊನೆಗೆ

ಮಳೆ ಹಿಡಿಯುವ ಮುನ್ನ ಅಡಕೆ ಸೀಮೆಯ ಸೊಸೈಟಿಗಳಲ್ಲಿ ಚೀಲಗಟ್ಟಲೆ ಬಿಕರಿಯಾಗುವ ನೀಲಿ ಹರಳಿಗೆ ನಾವು ಮೈಲುತುತ್ತ ಎನ್ನುತ್ತೇವೆ. ಕೆಲವರ ಬಾಯಲ್ಲಿ ಅದು ಮೈಲುತುತ್ತು. ತುತ್ತು ಎಂದೊಡನೆ ಅನ್ನದ ತುತ್ತೂ ರೋಗಕ್ಕೆ ತುತ್ತಾಗುವುದೂ ನೆನಪಾದರೆ ಅದು ಬರೀ ಕಿವಿಯ ಮಾಯೆ. ಇಲ್ಲಿರುವುದು ಸಂಸ್ಕೃತದ ತುತ್ಥ. ಕನ್ನಡದ ನಾಲಗೆ ಮಹಾಪ್ರಾಣವನ್ನು ಎಂದಿನಂತೆ ಕೈಬಿಟ್ಟು ಅದನ್ನು ತುತ್ತ ಮಾಡಿಕೊಂಡಿತು.

ಮೊದಲರ್ಧದ ಮೈಲು ಇನ್ನೂ ಸೊಗಸು. ನಮಗದು ನವಿಲು, ತೆಲುಗರಿಗೆ ನೆಮಲಿ. ಆದರೆ ತಮಿಳು ಮಲಯಾಳಗಳಲ್ಲಿ ಮಯಿಲ್, ತುಳುವಿನಲ್ಲಿ ಮೈರ್. ಸಂಸ್ಕೃತದ ಮಯೂರವೂ ಈ ದ್ರಾವಿಡ ಬಳಗದಿಂದ ಹೋದದ್ದೆಂಬುದು ಅನೇಕ ಭಾಷಾವಿದರ ಮತ. ದಿನಬಳಕೆಯಲ್ಲಿ ನವಿಲೆಂದೇ ಕರೆಯುವ ಹಕ್ಕಿಗೆ ನಾವು ಈ ಹರಳಿನ ಹೆಸರೊಳಗೆ ಮಾತ್ರ ನೆರೆಮನೆಯ ಹೆಸರನ್ನು ಉಳಿಸಿಕೊಂಡಿದ್ದೇವೆ. ಸಮಾಸದ ಬೆಚ್ಚನೆಯ ಗೂಡಿನಲ್ಲಿ ಪದಗಳು ಹೀಗೆ ಬಹುಕಾಲ ಬಾಳುತ್ತವೆ. ಅಮರಸಿಂಹನ ಕೋಶದಲ್ಲಿ ಈ ದ್ರವ್ಯಕ್ಕೆ ತುತ್ಥಾಂಜನ, ಶಿಖಿಗ್ರೀವ, ವಿತುನ್ನಕ, ಮಯೂರಕ ಎಂಬ ಹೆಸರುಗಳಿವೆ. ಶಿಖಿಗ್ರೀವವೆಂದರೆ ನವಿಲ ಕೊರಳು. ಹಕ್ಕಿಯ ಗರಿಯನ್ನೂ ಕಣ್ಣನ್ನೂ ಬಿಟ್ಟು ಕೊರಳನ್ನೇ ಆರಿಸಿದ ಆ ಅನಾಮಿಕ ನೋಟಕ್ಕೆ ನಾನು ಮಣಿಯುತ್ತೇನೆ: ಈ ನೀಲಿ ಬೇರೆಲ್ಲೂ ಅಷ್ಟು ದಟ್ಟವಾಗಿಲ್ಲ.

ಅಂಗಡಿಯ ಸರಕಾಗುವ ಮೊದಲು ಈ ಹರಳು, ಅಂದರೆ ತಾಮ್ರದ ಸಲ್ಫೇಟ್, ಬೆಟ್ಟದ ಮಗು. ಚಿತ್ರದುರ್ಗದ ಗುಡ್ಡಸಾಲಿನ ಇಂಗಳದಾಳವನ್ನೇ ನೋಡೋಣ. ಸುಮಾರು 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರತಳದಲ್ಲಿ ಉಕ್ಕಿ, ನೀರಿಗೆ ತಾಗಿ ದಿಂಬುದಿಂಬಾಗಿ ಗಟ್ಟಿಯಾದ ಲಾವಾ ಈ ಸೀಮೆಯಲ್ಲಿದೆ. ಅದೇ ಪಟ್ಟಿಯ ಮರಡಿಹಳ್ಳಿಯ ದಿಂಬುಲಾವಾ ಇಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಇಂಗಳದಾಳದ ಇಂಥ ಅಗ್ನಿಶಿಲೆಗಳ ನಡುವೆ ಗಂಧಕದೊಡನೆ ಬೆಸೆದ ತಾಮ್ರ, ಕಬ್ಬಿಣ, ಸತುಗಳ ಅದಿರು ಕಿರಿದಾದ ಎಳೆಗಳಾಗಿ ನಿಂತಿದೆ. ಹಿಂದಿನವರು ತೋಡಿದ ಗುಂಡಿಗಳು ಅಲ್ಲಿದ್ದವು; ನಮ್ಮ ಕಾಲದಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿಯೂ ಅಲ್ಲಿ ತಾಮ್ರ ತೆಗೆಯಿತು. ಅಲ್ಲಿನ ಮುಖ್ಯ ಅದಿರು ಚಾಲ್ಕೊಪೈರೈಟ್, ಹಿತ್ತಾಳೆಯ ಹಳದಿ ಬಣ್ಣದ್ದು, ಶುದ್ಧವಾಗಿದ್ದರೆ ತೂಕದಲ್ಲಿ ಶೇ 34.6 ತಾಮ್ರ. ಗಾಳಿ ಮತ್ತು ಮಳೆನೀರು ಸೋಕಿದರೆ ಇಂಥ ಅದಿರಿನ ಗಂಧಕ ಆಮ್ಲಜನಕವನ್ನು ಹೀರಿ ಸಲ್ಫೇಟ್ ಆಗುತ್ತದೆ. ಕಬ್ಬಿಣ ತುಕ್ಕಾಗಿ ಮೇಲೆಯೇ ಕೆಂಗಂದು ಟೊಪ್ಪಿಗೆಯಂತೆ ಕೂರುತ್ತದೆ. ತಾಮ್ರ ಮಾತ್ರ ನೀರಿನಲ್ಲಿ ಕರಗಿ ಬಿರುಕು ಹಿಡಿದು ಕೆಳಗಿಳಿಯುತ್ತದೆ. ಆ ನೀರು ಅಂತರ್ಜಲದ ಮಟ್ಟ ಮುಟ್ಟಿ ಮತ್ತೆ ಗಂಧಕದ ಖನಿಜಗಳನ್ನು ಸಂಧಿಸಿದರೆ ಅಲ್ಲಿ ತಾಮ್ರ ಇನ್ನಷ್ಟು ಸಾಂದ್ರವಾಗಿ ನೆಲೆಗೊಳ್ಳುತ್ತದೆ. ಗಣಿಯ ಒಣ ಗೋಡೆಯ ಮೇಲೆ ಆರಿಹೋದರೆ ನೀಲಿ ಹರಳಾಗಿ ಮೂಡುತ್ತದೆ. ಅದೇ ಸಹಜ ತುತ್ಥ. ಆದ್ದರಿಂದ ಈ ಪದ ಹುಟ್ಟಿದ್ದು ಅದಿರು ಗಾಳಿಗೆ ಬಿದ್ದು ಕರಗಿ ಮತ್ತೆ ಒಣಗುವ ಇಂಥ ಎಡೆಗಳನ್ನು ಕಂಡವರ ಬಾಯಲ್ಲೇ ಎಂದು ನಾನು ನಂಬುತ್ತೇನೆ.

ಹರಳಿಗೂ ತಾಮ್ರಕ್ಕೂ ಇರುವ ಈ ನಂಟು ಹಳೆಯ ರಸಶಾಸ್ತ್ರಜ್ಞರಿಗೂ ತಿಳಿದಿತ್ತು. ರಸರತ್ನಸಮುಚ್ಚಯ ಇದನ್ನು ಸಸ್ಯಕವೆಂದು ಕರೆದು, ಕಾಯಿಸಿ ತೆಗೆದ ಸತ್ತ್ವವನ್ನು ಇಂದ್ರಗೋಪಕ್ಕೆ, ಅಂದರೆ ಕೆಂಪು ಮಳೆಹುಳುವಿಗೆ, ಹೋಲಿಸುತ್ತದೆ. ನವಿಲುಗೊರಳ ನೀಲಿಯೊಳಗಿಂದ ಮಳೆಹುಳುವಿನ ಕೆಂಪು ಹೊರಬಂದಾಗ ಅದು ತಾಮ್ರವೇ.

ಇನ್ನು ತುತ್ಥಾಂಜನದ ಅಂಜನ ಗಮನಿಸಿ: ಇದು ಕಣ್ಣಿಗೆ ಹಚ್ಚುವ ಮದ್ದಾಗಿತ್ತು. ಪಾರಸಿಯ ತೂತಿಯಾ ಕೂಡ ಕಣ್ಣಿನ ಮದ್ದೇ, ಅದೂ ತುತ್ಥದಿಂದಲೇ ಬಂದದ್ದೆಂದು ಬಹುಮಂದಿ ವಿದ್ವಾಂಸರು ಹೇಳುತ್ತಾರೆ. ಆದರೆ ಅಲ್ಲಿ ಅದು ಹೆಚ್ಚಾಗಿ ಸತುವಿನ ಬೂದಿ. ನಮ್ಮಲ್ಲೂ ಖರ್ಪರೀತುತ್ಥವೆಂದರೆ ಸತುವಿನ ಅದಿರೇ. ಹಾಗಾದರೆ ಪದವು ಲೋಹವನ್ನು ಬಿಟ್ಟು ಕೆಲಸವನ್ನು ಹಿಡಿದು ನಡೆಯಿತು. ಮುಂದೆ ಹಿಂದಿಯಲ್ಲಿ ತೂತಿಯಾ, ನೀಲಾಥೋಥಾ ಎಂದು ಮತ್ತೆ ತಾಮ್ರದ ನೀಲಿಗೇ ಮರಳಿತು.

ಕನ್ನಡದಲ್ಲಿ ಈ ಪದಕ್ಕೆ ಹೊಸ ಆಯುಷ್ಯ ಸಿಕ್ಕಿದ್ದು ಅಡಕೆಯ ಕೊಳೆರೋಗದಿಂದ. ದ್ರಾಕ್ಷಿಯ ರೋಗಕ್ಕೆಂದು ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಫ್ರಾನ್ಸಿನಲ್ಲಿ ಪ್ರಚಾರಕ್ಕೆ ತಂದ ತಾಮ್ರ-ಸುಣ್ಣದ ದ್ರಾವಣವನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಆರಂಭದಲ್ಲಿ ಅಡಕೆಗೆ ಒಗ್ಗಿಸಿದರು. ಕೊಳೆರೋಗವೆಂಬ ನಮ್ಮ ಮಾತು ಅವರ ಇಂಗ್ಲಿಷ್ ಬರಹವನ್ನು ಸೇರಿತು. ಬೋರ್ಡೊ ಎಂಬ ಫ್ರೆಂಚ್ ಊರಿನ ಹೆಸರು ನಮ್ಮ ತೋಟಗಳಿಗೆ ಬಂತು. ಆ ಹೆಸರು ದ್ರಾವಣಕ್ಕೆ ಅಂಟಿತು, ಹರಳಿಗೆ ಅಂಟಲಿಲ್ಲ. 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು ಎಂದೇ ಈಗಲೂ ತೋಟದ ಲೆಕ್ಕ.