ಸಖತ್ ಎಂಬ ಮೆಚ್ಚುಗೆ

‘ಸಖತ್’ ಇಂದಿನ ಕನ್ನಡದ ಎಳೆಯ ತಲೆಮಾರು ಬಹಳವಾಗಿ ನೆಚ್ಚಿಕೊಂಡಿರುವ ಮೆಚ್ಚುಗೆಯ ಮಾತು. ದರ್ಶಿನಿಯಲ್ಲಿ ನಿಂತು ತಿಂದ ದೋಸೆ ಗರಿಗರಿಯಾಗಿದ್ದರೆ ಸಖತ್. ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಸಖತ್. ಸೋಮವಾರ ರಜೆಯೆಂದು ಶುಕ್ರವಾರವೇ ಗೊತ್ತಾದರೆ, ಕಾದಿದ್ದ ಸಿನಿಮಾದ ಟ್ರೇಲರ್ ಮನಸ್ಸಿಗೆ ಹಿಡಿಸಿದರೆ ಆಗಲೂ ಸಖತ್. ಬೆಂಗಳೂರು, ಮೈಸೂರು, ಮಂಡ್ಯ, ಹಾಸನ, ತುಮಕೂರಿನ ಕಡೆ ಇದರ ಬಳಕೆ ದಟ್ಟವಾಗಿದೆ. ಸಿನಿಮಾ, ಎಫ್‌ಎಂ, ರೀಲ್ಸ್‌ಗಳ ಬೆನ್ನೇರಿ ಉಳಿದ ಜಿಲ್ಲೆಗಳಿಗೂ ಹೋಗಿದೆ.

ವಾಕ್ಯದೊಳಗೆ ಇದಕ್ಕೆ ಇಂಥದ್ದೇ ಜಾಗ ಎಂಬುದಿಲ್ಲ. ‘ಸಖತ್ ಸಿನಿಮಾ’ ಎಂದಾಗ ನಾಮಪದದ ಮುಂದೆ ನಿಂತು ಅದನ್ನು ಹೊಗಳುತ್ತದೆ. ‘ಸಖತ್ ಸುಸ್ತು’, ‘ಸಖತ್ ಟ್ರಾಫಿಕ್’ ಎಂದಾಗ ಹೊಗಳಿಕೆಯ ಸುಳಿವೇ ಇಲ್ಲ; ಅಲ್ಲಿ ‘ತುಂಬಾ’ ಎಂಬ ಪದದ ಕೆಲಸ ಮಾಡುತ್ತದೆ. ‘ಆಗಿ’ ಸೇರಿಕೊಂಡರೆ ‘ಸಖತ್ತಾಗಿ ಕುಣಿದ’, ‘ಸಖತ್ತಾಗಿ ಹಾಡಿದಳು’ ಎಂದು ಕ್ರಿಯೆಗೆ ಅಂಟಿಕೊಳ್ಳುತ್ತದೆ. ಯಾವ ಪದದ ಹಂಗೂ ಇಲ್ಲದೆ ‘ಸಖತ್!’ ಎಂದು ಒಂಟಿಯಾಗಿ ಬಂದರೆ ಅದೇ ಪೂರ್ಣ ವಾಕ್ಯ. ‘ಮಗಾ’, ‘ಗುರು’, ‘ಬ್ರೋ’ಗಳ ಜೊತೆ ಇದರ ಒಡನಾಟ ಹೆಚ್ಚು. ಹಾಗೆಂದು ಇದು ಗೆಳೆಯರ ಗುಂಪಿನ ಗುಟ್ಟಿನ ಮಾತಲ್ಲ. ‘ಅಜ್ಜಿ, ಇವತ್ತು ಬಸ್ಸಾರು ಸಖತ್ತಾಗಿದೆ’ ಎಂದು ಮೊಮ್ಮಗಳು ಹೇಳಿದರೆ ಅದರಲ್ಲಿ ಸಲುಗೆಯಿದೆ, ಅಗೌರವವಿಲ್ಲ. ಅದೇ ಮೊಮ್ಮಗಳು ಕೆಲಸದ ಸಂದರ್ಶನಕ್ಕೆ ಕೂತಾಗ ಪದ ತಾನಾಗಿಯೇ ಹಿಂದೆ ಸರಿಯುತ್ತದೆ.

ಈ ಪದದ ಮೂಲ ಪಾರಸಿಯ ‘ಸಖ್ತ್’. ಗಟ್ಟಿ, ಕಠಿಣ, ಬಿರುಸು, ಕಟ್ಟುನಿಟ್ಟು ಎಂಬುವು ಅದರ ಅರ್ಥಗಳು. ಹಿಂದಿ ಮತ್ತು ಉರ್ದುವಿನಲ್ಲಿ ಇಂದಿಗೂ ಒಣಗಿದ ರೊಟ್ಟಿ ಸಖ್ತ್, ಶಿಸ್ತಿನ ಮೇಷ್ಟ್ರು ಸಖ್ತ್. ಮರಾಠಿಯಲ್ಲಿ ‘ಸಕ್ತ ಮಜುರಿ’ ಎಂದರೆ ಕಠಿಣ ಸಜೆ, ‘ಸಕ್ತಿ’ ಎಂದರೆ ಬಲವಂತ. ಹಾಸ್ಯಗಾರ ಜಾಕಿರ್ ಖಾನ್ ದೇಶದ ತುಂಬ ಜನಪ್ರಿಯಗೊಳಿಸಿದ ‘ಸಖ್ತ್ ಲೌಂಡಾ’ ಕೂಡ ಹುಡುಗಿಯರ ಎದುರು ಕರಗದ, ಕಲ್ಲಿನಂತೆ ಇರಲು ಹೆಣಗುವ ಹುಡುಗ. ಉತ್ತರದ ಯುವಜನರ ನಗೆಯಲ್ಲೂ ಪದದ ಗಡಸುತನ ಮಾಸಿಲ್ಲ. ಅದು ಸವಿಯಾಗಿ ಮಾಗಿದ್ದು ಕನ್ನಡದಲ್ಲಿ.

ಪಾರಸಿಯ ನಂಟು ಕನ್ನಡಕ್ಕೆ ಹೊಸದಲ್ಲ. 1347ರಲ್ಲಿ ಹುಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ರಾಜ್ಯ, 1490ರಿಂದ 1686ರವರೆಗೆ ವಿಜಯಪುರದಿಂದ ಆಳಿದ ಆದಿಲ್‌ಶಾಹಿಗಳು, 1761ರಿಂದ 1799ರವರೆಗೆ ಮೈಸೂರಿನ ಅಧಿಕಾರ ಹಿಡಿದಿದ್ದ ಹೈದರ್ ಮತ್ತು ಟಿಪ್ಪು, ಕಲ್ಯಾಣ ಕರ್ನಾಟಕವನ್ನು 1948ರವರೆಗೂ ಹಿಡಿದಿಟ್ಟುಕೊಂಡಿದ್ದ ಹೈದರಾಬಾದಿನ ನಿಜಾಮರು, ಇವರೆಲ್ಲರ ಕಚೇರಿಗಳಲ್ಲಿ ಪಾರಸಿ ಬೇರೆ ಬೇರೆ ಮಟ್ಟದಲ್ಲಿ ನಡೆಯುತ್ತಿತ್ತು. ಸರ್ಕಾರ, ಅರ್ಜಿ, ಜಮೀನು, ಬಾಕಿ, ತಾರೀಖುಗಳು ಬಂದದ್ದು ಕಚೇರಿಯ ಬಾಗಿಲಿನಿಂದ ಎಂಬುದನ್ನು ಶಾಲೆಯ ಪುಸ್ತಕಗಳೂ ಹೇಳುತ್ತವೆ. ಅಷ್ಟಾಗಿ ಯಾರೂ ಹೇಳದ ಸಂಗತಿಯೆಂದರೆ, ಕನ್ನಡಿಗರ ದಿನನಿತ್ಯದ ಸಂತೋಷದ ಮಾತುಗಳಲ್ಲೂ ಪಾರಸಿಯ ಪಾಲು ದೊಡ್ಡದು. ‘ಖುಷಿ’ ಪಾರಸಿ. ‘ಮಜಾ’ ಪಾರಸಿ, ಅಲ್ಲಿ ಅದರ ಅರ್ಥ ರುಚಿ, ಇಲ್ಲಿ ನಾಲಿಗೆಯಿಂದಾಚೆಗೂ ಹರಡಿ ಮೋಜು ಎಂದಾಯಿತು. ‘ಜೋರು ಮಳೆ’ಯ ಜೋರು ಪಾರಸಿ. ‘ಮಸ್ತ್’ ಎಂದರೆ ಮೂಲದಲ್ಲಿ ಅಮಲೇರಿದ ಸ್ಥಿತಿ. ಹುಡುಗನೊಬ್ಬ ‘ಸಖತ್ ಮಜಾ ಬಂತು’ ಎಂದಾಗ ಎರಡು ಪದ ಪಾರಸಿ, ಒಂದು ಅಚ್ಚ ಕನ್ನಡ. ಹಾಗಿದ್ದರೂ ಇಡೀ ಮಾತು ಕನ್ನಡವೇ.

ದಾರಿಯಲ್ಲಿ ಪದದ ಉಚ್ಚಾರ ಮೆತ್ತಗಾಯಿತು. ‘ಸಖ್ತ್’ ಎಂಬಲ್ಲಿ ಎರಡು ವ್ಯಂಜನಗಳು ಒತ್ತೊತ್ತಾಗಿ ಕೊನೆಗೆ ಬರುತ್ತವೆ. ಅಂಥ ಕೊನೆ ಕನ್ನಡದ ನಾಲಿಗೆಗೆ ಒಗ್ಗುವುದಿಲ್ಲ. ಅರಬ್ಬಿಯ ನಕ್ಲ್, ಅಸ್ಲ್, ಫಸ್ಲ್‌ಗಳು ನಕಲು, ಅಸಲು, ಫಸಲುಗಳಾದ ಹಾಗೆಯೇ ಇಲ್ಲಿಯೂ ನಡುವೆ ಒಂದು ಅಕಾರ ಬಂದು ಕೂತಿತು. ಗಂಟಲಿನಿಂದ ಹೊರಡುವ ಪಾರಸಿಯ ‘ಖ’ ಬರವಣಿಗೆಯಲ್ಲಿ ಮಹಾಪ್ರಾಣವಾಗಿ ಉಳಿಯಿತು, ಮಾತಿನಲ್ಲಿ ಬರೀ ‘ಕ’ ಆಯಿತು. ಆಮೇಲೆ ಒತ್ತಿ ಹೇಳುವ ಆಸೆಗೆ ಆ ‘ಕ’ ಇಮ್ಮಡಿಸಿತು. ಹೀಗಾಗಿ ಸಖತ್, ಸಕತ್, ಸಕ್ಕತ್ ಎಂಬ ಮೂರು ರೂಪಗಳೂ ಅಚ್ಚಿನಲ್ಲಿ, ಫೋನಿನ ಪರದೆಯಲ್ಲಿ ಕಾಣಸಿಗುತ್ತವೆ. ಪತ್ರಿಕೆ, ಪೋಸ್ಟರುಗಳು ಹೆಚ್ಚಾಗಿ ‘ಸಖತ್’ ಎನ್ನುತ್ತವೆ. ಕಿವಿಗೆ ಕೇಳಿಸುವುದು ‘ಸಕ್ಕತ್’. ಸಕ್ಕರೆ, ಅಕ್ಕರೆಗಳ ಸಾಲಿನಲ್ಲಿ ನಿಲ್ಲುವ ಈ ಕೊನೆಯ ರೂಪ ಕನ್ನಡದ ಕಿವಿಗೆ ಹೆಚ್ಚು ಸಹಜ. ಪ್ರತ್ಯಯ ಹತ್ತಿದಾಗ ಕೊನೆಯ ‘ತ್’ ಕೂಡ ಇಮ್ಮಡಿಸಿ ‘ಸಖತ್ತಾಗಿ’ ಆಗುತ್ತದೆ. ತಾಕತ್ತು, ದೌಲತ್ತು, ಕಸರತ್ತುಗಳಲ್ಲಿ ನಡೆದದ್ದೂ ಇದೇ.

ಅರ್ಥದ ಪಯಣ ಇನ್ನೂ ಸೊಗಸಾದದ್ದು. ಗಟ್ಟಿಯಾದದ್ದು ಚೆನ್ನಾಗಿರುವುದು ಹೇಗಾಯಿತು? ನಡುವೆ ಒಂದು ಮೆಟ್ಟಿಲಿದೆ. ಪಾರಸಿಯಲ್ಲೇ ‘ಸಖ್ತ್ ಬೀಮಾರ್’ ಎಂದರೆ ವಿಪರೀತ ಕಾಯಿಲೆ ಬಿದ್ದವನು. ಉರ್ದುವಿನಲ್ಲಿ ‘ಸಖ್ತ್ ಸರ್ದಿ’ ಎಂದರೆ ಕೊರೆಯುವ ಚಳಿ. ಅಂದರೆ ಗಡಸುತನದಿಂದ ತೀವ್ರತೆಗೆ ಪದ ಮೊದಲೇ ಹೆಜ್ಜೆ ಹಾಕಿತ್ತು. ಆದರೆ ಅಲ್ಲಿ ಅದರ ಜೊತೆಗಾರರು ಹೆಚ್ಚಾಗಿ ಕಾಯಿಲೆ, ಚಳಿ, ಬಿಸಿಲು, ಶಿಕ್ಷೆಗಳೇ. ಕನ್ನಡ ಮಾಡಿದ್ದು ಒಂದೇ ಕೆಲಸ: ತೀವ್ರತೆಯನ್ನು ಉಳಿಸಿಕೊಂಡು ಕಹಿಯನ್ನು ಬಿಟ್ಟುಕೊಟ್ಟಿತು. ಹಳೆಯ ಅರ್ಥ ಪೂರ್ತಿ ಅಳಿದೂ ಇಲ್ಲ. ‘ಅಪ್ಪ ಸಖತ್ತಾಗಿ ಬೈದ್ರು’, ‘ಸಖತ್ ಪೆಟ್ಟು ಬಿತ್ತು’, ‘ಡಿಸೆಂಬರಿನಲ್ಲಿ ಸಖತ್ ಚಳಿ’ ಎಂಬಲ್ಲಿ ಪಾರಸಿಯ ಬಿರುಸು ಹಾಗೇ ಇದೆ. ‘ಸಖತ್ ಸಿನಿಮಾ, ಸಖತ್ ಅಳು ಬಂತು’ ಎಂದು ಯಾರಾದರೂ ಹೇಳಿದರೆ ಎರಡು ಅರ್ಥಗಳೂ ಒಂದೇ ಉಸಿರಿನಲ್ಲಿ ಬಂದಂತೆ, ಕೇಳಿದವರಿಗೆ ಎಳ್ಳಷ್ಟೂ ಗೊಂದಲವಾಗುವುದಿಲ್ಲ.

ಇಂಥ ತಿರುವು ಈ ಒಂದು ಪದಕ್ಕಷ್ಟೇ ಒದಗಿದ್ದಲ್ಲ. ಹೆದರಿಕೆ ಹುಟ್ಟಿಸುವ ‘ಭಯಂಕರ’ ಮಾತಿನಲ್ಲಿ ‘ಭಯಂಕರ ಬುದ್ಧಿವಂತ’ ಎಂದು ಹೊಗಳಲು ನಿಲ್ಲುತ್ತದೆ. ತೂಕವನ್ನು ಸೂಚಿಸುವ ‘ಭಾರಿ’ ಧಾರವಾಡದ ಕಡೆ ‘ಭಾರೀ ಚಲೋ’ ಆಗುತ್ತದೆ. ಹರಿದ ಬಟ್ಟೆಯ ‘ಚಿಂದಿ’ ಬೆಂಗಳೂರಿನ ಹುಡುಗರ ಬಾಯಲ್ಲಿ ಅತ್ಯುತ್ತಮ ಎಂದಾಗಿದೆ. ಊರೂರಿಗೆ ಮೆಚ್ಚುಗೆಯ ಮಾತು ಬೇರೆ. ಹುಬ್ಬಳ್ಳಿ, ಕಲಬುರಗಿಗಳಲ್ಲಿ ‘ಮಸ್ತ್’. ಅದೇ ‘ಮಸ್ತ್’ ತುಳುವಿನಲ್ಲಿ ‘ತುಂಬಾ’ ಎಂಬ ಎಣಿಕೆಯ ಮಾತು. ಕರಾವಳಿಯಲ್ಲಿ ಚೆನ್ನಾಗಿರುವುದು ‘ಲಾಯ್ಕ್’. ಯೋಗ್ಯ ಎಂಬ ಅರ್ಥದ ಅರಬ್ಬಿಯ ಲಾಯಕ್ ಅದರ ಮೂಲ. ಅದರ ನಿಷೇಧ ರೂಪವಾದ ‘ನಾಲಾಯಕ್’ ಮಾತ್ರ ರಾಜ್ಯದ ಎಲ್ಲ ಕಡೆ ಬೈಗುಳ. ಮಂಡ್ಯದ ‘ಶಾನೆ’, ಬೆಂಗಳೂರಿನ ‘ಬೊಂಬಾಟ್’, ಎಲ್ಲೆಡೆಯ ‘ಸೂಪರ್’ ಇವೆಲ್ಲವೂ ಸಖತ್ತಿನ ಸಹಪಾಠಿಗಳು. ಇವುಗಳಲ್ಲಿ ‘ಸೂಪರ್’ ಹೆಚ್ಚು ದೂರ ಓಡಿದೆ, ಆದರೆ ಅದಕ್ಕೆ ಊರಿನ ವಾಸನೆಯಿಲ್ಲ. ಸಖತ್ ಕೇಳಿದೊಡನೆ ಮಾತಾಡುತ್ತಿರುವವರು ಎಲ್ಲಿಯವರೆಂಬ ಅಂದಾಜು ಸಿಗುತ್ತದೆ.

ಸಿನಿಮಾ, ರೇಡಿಯೋಗಳು ಈ ಪದವನ್ನು ಹುಟ್ಟಿಸಲಿಲ್ಲ, ಬೀದಿಯಿಂದ ಎತ್ತಿಕೊಂಡು ದೊಡ್ಡದಾಗಿ ಕೂಗಿದವು. ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಕನ್ನಡದತ್ತ ವಾಲತೊಡಗಿದ ಕಾಲದಲ್ಲಿ ರೇಡಿಯೋ ಮಿರ್ಚಿ ‘ಸಖತ್ ಹಾಟ್ ಮಗಾ’ ಎಂಬುದನ್ನೇ ತನ್ನ ಗುರುತಿನ ಮಾತಾಗಿಸಿಕೊಂಡಿತು. 2017ರಲ್ಲಿ ‘ಲೂಸ್ ಕನೆಕ್ಷನ್’ ವೆಬ್ ಸರಣಿ ಹೊರತಂದ ತಂಡದ ಹೆಸರು ‘ಸಕ್ಕತ್ ಸ್ಟುಡಿಯೋ’. 2021ರ ನವೆಂಬರಿನಲ್ಲಿ ಸಿಂಪಲ್ ಸುನಿ ನಿರ್ದೇಶನದಲ್ಲಿ ಗಣೇಶ್ ನಟಿಸಿದ ಚಿತ್ರಕ್ಕೆ ‘ಸಖತ್’ ಎಂಬುದೇ ಶೀರ್ಷಿಕೆ. ಇದೇ ನಟನ 2008ರ ಚಿತ್ರವೊಂದರ ಹೆಸರು ‘ಬೊಂಬಾಟ್’. ಮೆಚ್ಚುಗೆಯ ಮಾತನ್ನೇ ಹೆಸರಾಗಿಸುವುದು ಧೈರ್ಯದ ಕೆಲಸ: ಪ್ರೇಕ್ಷಕ ಹೇಳಬೇಕಾದ ತೀರ್ಪನ್ನು ಪೋಸ್ಟರ್ ಮೊದಲೇ ಹೇಳಿಬಿಟ್ಟಿರುತ್ತದೆ.

ತೀರ್ಪಿನ ಮಾತಾಗಿ ಸಖತ್ತಿನ ನಿಜವಾದ ಶಕ್ತಿ ತಿಳಿಯುವುದು ಶುಕ್ರವಾರದ ಮೊದಲ ಆಟ ಮುಗಿದ ಮೇಲೆ. ಚಿತ್ರಮಂದಿರದಿಂದ ಹೊರಬಂದವರು ಮೈಕಿನ ಮುಂದೆ, ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ, ‘ಫಸ್ಟ್ ಹಾಫ್ ಸಖತ್, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗ್’ ಎನ್ನುತ್ತಾರೆ; ‘ಸಾಂಗ್ಸ್ ಸಖತ್, ಕಥೆ ಓಕೆ’ ಎನ್ನುತ್ತಾರೆ. ಇದು ಅವಸರದ ಮಾತಾದರೂ ವಿಮರ್ಶೆಯೇ. ಸಿನಿಮಾವನ್ನು ಬಿಡಿಸಿ, ಭಾಗ ಭಾಗವಾಗಿ ತೂಗಿ ನೋಡುವ ಅಭ್ಯಾಸ ಅದರಲ್ಲಿದೆ. ದೊಡ್ಡ ತಾರೆಯಿಲ್ಲದ ಕನ್ನಡ ಚಿತ್ರಗಳು ಬದುಕಿದ್ದು ಇಂಥ ಬಾಯಿಮಾತಿನಿಂದ. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಒಂದು ವರ್ಷಕ್ಕೂ ಹೆಚ್ಚು ಓಡಿದಾಗ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ಹೊಸಬರ ‘ರಂಗಿತರಂಗ’ 2015ರ ಜುಲೈನಲ್ಲಿ ತೆರೆಗೆ ಬಂದ ಮರುವಾರವೇ ‘ಬಾಹುಬಲಿ’ ಎದುರಾಯಿತು. ಆದರೂ ನೋಡಿದವರು ನೋಡದವರಿಗೆ ಹೇಳುತ್ತ ಹೋದದ್ದರಿಂದ ಅದು ನಿಂತಿತು. 2025ರ ಜುಲೈನ ‘ಸು ಫ್ರಮ್ ಸೋ’ ಕೂಡ ಅದೇ ದಾರಿಯಲ್ಲಿ ಗೆದ್ದ ಚಿತ್ರ. ಜಾಹೀರಾತಿಗೆ ಹಣವಿಲ್ಲದ ನಿರ್ಮಾಪಕನಿಗೆ ಇಪ್ಪತ್ತೆರಡರ ಹುಡುಗಿಯೊಬ್ಬಳು ಗೆಳತಿಗೆ ಕಳಿಸಿದ ‘ಸಖತ್ತಾಗಿದೆ ಕಣೇ, ನೋಡು’ ಎಂಬ ಒಂದು ಸಾಲಿಗಿಂತ ದೊಡ್ಡ ಆಸರೆ ಇಲ್ಲ.

ಈ ಅಳತೆಗೋಲಿನಲ್ಲಿ ಕೆಳಗಿನ ಮೆಟ್ಟಿಲುಗಳೂ ಇವೆ. ಹಿಡಿಸದ ಸಿನಿಮಾವನ್ನು ‘ಸಖತ್ತಾಗಿಲ್ಲ’ ಎಂದು ಹೇಳುವವರು ಕಡಿಮೆ. ಬದಲಿಗೆ ‘ಅಷ್ಟಕ್ಕಷ್ಟೆ’, ‘ಓಕೆ ಓಕೆ’, ‘ಪರವಾಗಿಲ್ಲ’ ಎನ್ನುತ್ತಾರೆ. ಕಾಳಜಿ, ಲಕ್ಷ್ಯ ಎಂಬ ಅರ್ಥದ ‘ಪರವಾ’ ಕೂಡ ಪಾರಸಿಯೇ. ಮೇಲಿನ ಮೆಟ್ಟಿಲೂ ಕೆಳಗಿನ ಮೆಟ್ಟಿಲೂ ಒಂದೇ ನೆಲದಿಂದ ಬಂದವು.

ಇನ್ನು ಸಖತ್ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದು. ಮದುವೆಗೆ ಹೋಗಿ ಬಂದವರು ‘ಮದುವೆ ಚೆನ್ನಾಗಿ ನಡೀತು, ಊಟ ಸಖತ್ತಾಗಿತ್ತು’ ಎನ್ನುತ್ತಾರೆ. ದೊಡ್ಡ ಸಂಗತಿಗೆ ಚೆನ್ನಾಗಿ, ಸಣ್ಣ ಸುಖಕ್ಕೆ ಸಖತ್. ಮಗು ಹುಟ್ಟಿದ ಸುದ್ದಿಗೆ ‘ತುಂಬಾ ಸಂತೋಷ’ ಎಂಬ ಉತ್ತರ ಬರುತ್ತದೆ. 1943ರಲ್ಲಿ ಶುರುವಾದ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ ಭಾನುವಾರ ಬೆಳಿಗ್ಗೆ ಕಾದು ಕಾದು ತಟ್ಟೆಗೆ ಬಂದ ಮಸಾಲೆ ದೋಸೆಗೆ, ಚಳಿಗಾಲದ ಅವರೆಕಾಳಿನ ಉಪ್ಪಿಟ್ಟಿಗೆ, ಮಳೆ ಬಿದ್ದ ಸಂಜೆಯ ಬೈಟು ಕಾಫಿಗೆ, ಇಯರ್‌ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ ಹಾಡಿಗೆ ಮಾತ್ರ ಬೇರೆ ಪದ ಬೇಡ. ಜೀವನಪೂರ್ತಿ ಉಳಿಯುವ ಸಂತೋಷಕ್ಕಲ್ಲ, ಈ ಗಳಿಗೆಯ ಸಂತೋಷಕ್ಕೆ ಈ ಪದ. ಬಾಡಿಗೆ, ಟ್ರಾಫಿಕ್ಕು, ಕೆಲಸದ ಅಭದ್ರತೆಗಳ ನಡುವೆ ಬದುಕು ಕಟ್ಟಿಕೊಳ್ಳುತ್ತಿರುವ ಇಪ್ಪತ್ತು, ಇಪ್ಪತ್ತೈದರ ಯುವಜನರಿಗೆ ಅಂಥ ಗಳಿಗೆಗಳನ್ನು ಗುರುತಿಸಿ ಹೇಳಲು ಒಂದು ಮಾತು ಬೇಕು. ಸಖತ್ ಆ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತಿದೆ.

ಎಲ್ಲದಕ್ಕೂ ಸಖತ್ ಎನ್ನುವುದರಿಂದ ಕನ್ನಡದ ಬೇರೆ ಪದಗಳು ಸೊರಗುತ್ತವೆ ಎಂಬ ಆಕ್ಷೇಪ ಹಿರಿಯರಲ್ಲಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಕಿವಿಗೆ ಇಂಪು, ಮೂಗಿಗೆ ಕಂಪು, ಕಣ್ಣಿಗೆ ತಂಪು, ಕೈಗೆ ನುಣುಪು, ಅಡುಗೆಗೆ ಹದ, ನಡಿಗೆಗೆ ಬೆಡಗು, ಹೀಗೆ ಒಂದೊಂದು ಸುಖಕ್ಕೆ ಒಂದೊಂದು ಹೆಸರಿಟ್ಟ ಭಾಷೆಯಿದು. ಅವು ಬಾಯಿಂದ ಜಾರಿಹೋದರೆ ಅದು ನಿಜವಾದ ನಷ್ಟ. ಆದರೆ ಆ ನಷ್ಟಕ್ಕೆ ಸಖತ್ ಕಾರಣವಲ್ಲ. ಇಂಪು, ಕಂಪುಗಳು ಸುಖದ ಬಗೆಯನ್ನು ಹೇಳುತ್ತವೆ, ಸಖತ್ ಹೇಳುವುದು ಸುಖದ ಮಟ್ಟವನ್ನು. ಒಂದರ ಜಾಗವನ್ನು ಇನ್ನೊಂದು ಕಸಿಯಬೇಕಾಗಿಲ್ಲ. ‘ಹಾಡು ಸಖತ್ ಇಂಪಾಗಿದೆ’, ‘ಪಲ್ಯ ಸಖತ್ ಹದವಾಗಿದೆ’ ಎಂಬ ಮಾತುಗಳಲ್ಲಿ ಎರಡೂ ನೆಮ್ಮದಿಯಾಗಿ ಇರುತ್ತವೆ.

ಬರೆಯುವ ಕನ್ನಡ ಈ ಪದವನ್ನು ಇನ್ನೂ ಅರ್ಧ ಮನಸ್ಸಿನಿಂದಲೇ ಒಳಗೆ ಬಿಟ್ಟಿದೆ. ಸಿನಿಮಾ ಪುರವಣಿಯಲ್ಲಿ ಅದಕ್ಕೆ ಜಾಗವಿದೆ, ಸಂಪಾದಕೀಯದಲ್ಲಿಲ್ಲ. ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದ ಸಂಶಯಗಳಿಗೆ ಉತ್ತರಿಸುತ್ತಿದ್ದ, ‘ಎರವಲು ಪದಕೋಶ’ ರಚಿಸಿದ ಜಿ. ವೆಂಕಟಸುಬ್ಬಯ್ಯ (1913–2021) ಹೊರಗಿನಿಂದ ಬಂದ ಪದಗಳನ್ನು ಗೌರವದಿಂದ ಕಾಣುವ ಹಾದಿಯನ್ನು ಹಾಕಿಕೊಟ್ಟಿದ್ದಾರೆ. ಹೊಸ ನಿಘಂಟುಗಳನ್ನು ಸಿದ್ಧಪಡಿಸುವವರು ಆ ಹಾದಿಯಲ್ಲೇ ನಡೆದು, ‘ಸಖತ್’ ಮತ್ತು ‘ಸಕ್ಕತ್’ ಎರಡೂ ರೂಪಗಳನ್ನು ಕೊಟ್ಟು, ‘ಕಠಿಣ’ ಎಂಬ ಮೂಲಾರ್ಥದ ಕೆಳಗೆ ‘ಬಹಳ’ ಮತ್ತು ‘ಮನಸ್ಸಿಗೆ ಹಿಡಿಸುವಂಥ’ ಎಂಬ ಕನ್ನಡದ್ದೇ ಅರ್ಥಗಳನ್ನು ಬಳಕೆಯ ಉದಾಹರಣೆಗಳೊಂದಿಗೆ ದಾಖಲಿಸಬೇಕು.