ಚೌಕಟ್ಟಿನ ಒಳಗಿನ ಹೂ, ಹೊರಗುಳಿದ ಹೆಸರು

ಹಳೆಯ ಸಸ್ಯಚಿತ್ರಗಳಿಗೆ ಕಟ್ಟು ಹಾಕಿಸಿ ಹಜಾರದ ಗೋಡೆಗೆ ತೂಗುಹಾಕುವ ಅಭಿರುಚಿ ಈಗ ನಮ್ಮಲ್ಲಿಯೂ ಬೆಳೆಯುತ್ತಿದೆ. ಅಂತಹ ಚಿತ್ರಗಳಲ್ಲಿ ಆರ್ಕಿಡ್‌ಗಳಿಗೆ ವಿಶೇಷ ಸ್ಥಾನವಿದೆ. ನಮ್ಮ ಮಲೆನಾಡಿನವರು ಸೀತಾಳೆ ದಂಡೆ ಎಂದು ಕರೆಯುವ ಹೂವೂ ಇದೇ ಕುಟುಂಬಕ್ಕೆ ಸೇರಿದ್ದು. ಆದರೆ ಈ ಚಿತ್ರಗಳು ಗೋಡೆಗಾಗಿ ಹುಟ್ಟಿದವಲ್ಲ. ಪುಸ್ತಕಕ್ಕಾಗಿ, ಶಾಸ್ತ್ರಕ್ಕಾಗಿ ಹುಟ್ಟಿದವು.

ಗಿಡವನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ ಕಾಪಾಡುವುದು ಸಸ್ಯಶಾಸ್ತ್ರಜ್ಞರ ಪದ್ಧತಿ. ಆರ್ಕಿಡ್‌ನ ಹೂವು ಹಾಗೆ ಒತ್ತಿದರೆ ಬಣ್ಣವನ್ನೂ ಆಕಾರವನ್ನೂ ಕಳೆದುಕೊಳ್ಳುತ್ತದೆ. ಆದ್ದರಿಂದ ಬಿಡಿಸಿದ ಚಿತ್ರವೇ ಅದಕ್ಕೆ ದೊಡ್ಡ ಸಾಕ್ಷ್ಯ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ 'ಹೊರ್ತುಸ್ ಮಲಬಾರಿಕುಸ್' 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾಯಿತು. ಅದರ ಕೊನೆಯ ಸಂಪುಟದಲ್ಲಿ ಮಲಬಾರಿನ ಮರದಾರ್ಕಿಡ್‌ಗಳ ತಾಮ್ರಪಟ ಮುದ್ರಣಗಳಿವೆ. ಮಾಹಿತಿ ನೀಡಿದ ವೈದ್ಯ ಇಟ್ಟಿ ಅಚ್ಯುತನ್ ಅವರ ಹೇಳಿಕೆಯನ್ನು ಮೊದಲ ಸಂಪುಟದಲ್ಲಿಯೇ ಮುದ್ರಿಸಿದ್ದು ಆ ಗ್ರಂಥದ ಹಿರಿಮೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರಿಗೆ ಆರ್ಕಿಡ್ ಹುಚ್ಚು ಹಿಡಿಯಿತು. ಜೇಮ್ಸ್ ಬೇಟ್‌ಮನ್ ಮೆಕ್ಸಿಕೊ ಮತ್ತು ಗ್ವಾಟೆಮಾಲಾದ ಆರ್ಕಿಡ್‌ಗಳನ್ನು ಕುರಿತು 1837-1843ರಲ್ಲಿ ಹೊರತಂದ ಬೃಹತ್ ಗ್ರಂಥದಲ್ಲಿ 40 ವರ್ಣಫಲಕಗಳಿದ್ದವು. ಅಚ್ಚಾದ ಪ್ರತಿಗಳು 125 ಮಾತ್ರ. ಅದರ ಮುಖ್ಯ ಚಿತ್ರಕಾರರು ಆಗಸ್ಟಾ ವಿದರ್ಸ್ ಮತ್ತು ಸಾರಾ ಡ್ರೇಕ್ ಎಂಬ ಇಬ್ಬರು ಮಹಿಳೆಯರು. ಕಲ್ಲಚ್ಚಿನಲ್ಲಿ ರೇಖೆಗಳನ್ನು ಮುದ್ರಿಸಿ, ಬಳಿಕ ಪ್ರತಿಯೊಂದು ಹಾಳೆಗೂ ಕೈಯಿಂದ ಬಣ್ಣ ತುಂಬುತ್ತಿದ್ದ ಕಾಲವದು. ಇನ್ನೊಂದೆಡೆ, ಈ ಹುಚ್ಚಿನ ವ್ಯಾಪಾರಕ್ಕಾಗಿ ಕಾಡುಗಳಿಂದ ಗಿಡಗಳನ್ನು ರಾಶಿರಾಶಿಯಾಗಿ ಕಿತ್ತು ಹಡಗುಗಳಲ್ಲಿ ಸಾಗಿಸಿದರು. ಚಿತ್ರದ ಚೆಲುವಿನ ಹಿಂದೆ ಆ ಬರಿದಾದ ಕಾಡೂ ಇದೆ.

ನಮ್ಮ ದೇಶದ ಕಥೆ ಇನ್ನಷ್ಟು ಮನಮುಟ್ಟುವಂಥದು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ರಾಬರ್ಟ್ ವೈಟ್ ಮದರಾಸು ಪ್ರಾಂತದಲ್ಲಿದ್ದು 1838ರಿಂದ 1853ರವರೆಗೆ ದಕ್ಷಿಣ ಭಾರತದ ಸಸ್ಯಗಳ 2101 ಫಲಕಗಳನ್ನು ಆರು ಸಂಪುಟಗಳಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಬಹುಪಾಲು ಚಿತ್ರಗಳನ್ನು ರಚಿಸಿದವರು ಮೊದಲು ರಂಗಯ್ಯ, ಅವರ ನಂತರ ಗೋವಿಂದು. ಈ ಇಬ್ಬರ ಜೀವನದ ಬಗ್ಗೆ ಉಳಿದಿರುವ ವಿವರ ತೀರಾ ಸ್ವಲ್ಪ. ಆದರೆ ವೈಟ್ ಕೃತಘ್ನರಾಗಿರಲಿಲ್ಲ. ತಮ್ಮ ಗ್ರಂಥದ ಕೊನೆಯ ಸಂಪುಟದಲ್ಲಿ ಒಂದು ಆರ್ಕಿಡ್ ಕುಲಕ್ಕೆ ಚಿತ್ರಕಾರನ ಹೆಸರಿನಿಂದಲೇ 'ಗೋವಿಂದೂಯಿಯಾ' ಎಂದು ನಾಮಕರಣ ಮಾಡಿದರು. ದೊರೆ ಗವರ್ನರುಗಳ ಹೆಸರನ್ನು ಗಿಡಗಳಿಗೆ ಇಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಗೌರವವಲ್ಲ.

ಆ ಗೌರವ ಉಳಿಯಲಿಲ್ಲ. ಆ ಸಸ್ಯವು 'ಟ್ರೊಪಿಡಿಯಾ' ಎಂಬ ಕುಲಕ್ಕೆ ಸೇರಿದ್ದೆಂದು ತಿಳಿದುಬಂದಿತು. ಆ ಹೆಸರನ್ನು ಲಿಂಡ್ಲೆ 1833ರಲ್ಲಿಯೇ ಪ್ರಕಟಿಸಿದ್ದರು. ಮೊದಲು ಪ್ರಕಟವಾದ ಹೆಸರಿಗೇ ಮಾನ್ಯತೆ ಎಂಬುದು ಸಸ್ಯಶಾಸ್ತ್ರದ ನಿಯಮ. ಹೀಗೆ ಗೋವಿಂದುವಿನ ಹೆಸರು ಪರ್ಯಾಯ ನಾಮಗಳ ಪಟ್ಟಿಗೆ ಸರಿಯಿತು. ಇದರಲ್ಲಿ ಯಾರ ಅನ್ಯಾಯವೂ ಇಲ್ಲ. ಆದರೂ ಮನಸ್ಸು ಒಂದು ಕ್ಷಣ ನೋಯದಿರದು. ಎಡಿನ್‌ಬರೊದ ಸಸ್ಯೋದ್ಯಾನದ ಹೆನ್ರಿ ನೋಲ್ಟಿ 2007ರಲ್ಲಿ ಈ ಚಿತ್ರಗಳನ್ನು ಕುರಿತ ಮೂರು ಸಂಪುಟಗಳನ್ನು ಪ್ರಕಟಿಸಿ, ರಂಗಯ್ಯ ಮತ್ತು ಗೋವಿಂದು ಎಂಬ ಹೆಸರುಗಳನ್ನು ಶೀರ್ಷಿಕೆಯಲ್ಲಿಯೇ ಇರಿಸಿದರು.

1898ರಲ್ಲಿ ಕಲ್ಕತ್ತೆಯಿಂದ ಹೊರಬಂದ ಕಿಂಗ್ ಮತ್ತು ಪ್ಯಾಂಟ್ಲಿಂಗ್ ಅವರ ಸಿಕ್ಕಿಂ ಹಿಮಾಲಯದ ಆರ್ಕಿಡ್ ಗ್ರಂಥದ ಸುಮಾರು 450 ಫಲಕಗಳ ಹಿಂದೆಯೂ ಸ್ಥಳೀಯರ ದುಡಿಮೆಯಿದೆ. ಸಿಂಕೋನಾ ತೋಟದ ಅಧಿಕಾರಿಯಾಗಿದ್ದ ಪ್ಯಾಂಟ್ಲಿಂಗ್ ತಾವೇ ಚಿತ್ರ ಬರೆದರು. ಬಣ್ಣ ತುಂಬಿದವರು ಅವರಿಂದ ತರಬೇತಿ ಪಡೆದ ಸ್ಥಳೀಯ ಹುಡುಗರು.

ಇಂತಹ ಗ್ರಂಥಗಳನ್ನು ಇಡಿಯಾಗಿ ಮಾರುವುದಕ್ಕಿಂತ ಹೊಲಿಗೆ ಬಿಚ್ಚಿ ಹಾಳೆ ಹಾಳೆಯಾಗಿ ಮಾರಿದರೆ ಹೆಚ್ಚು ಹಣ ದೊರೆಯುತ್ತದೆಂದು ವರ್ತಕರು ಅನೇಕ ಪುಸ್ತಕಗಳನ್ನು ಒಡೆದಿದ್ದಾರೆ. ಚಿತ್ರ ಗೋಡೆಗೆ ಬಂದಿತು, ವಿವರಣೆ ದೂರವಾಯಿತು. ಹಳೆಯ ಫಲಕಗಳ ಅಡಿಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಒಂದು ಹೆಸರು, ಅದರ ಮುಂದೆ 'ಡೆಲ್' ಎಂದು ಇರುವುದುಂಟು. 'ಚಿತ್ರಿಸಿದವರು' ಎಂಬರ್ಥದ ಲ್ಯಾಟಿನ್ ಪದದ ಸಂಕ್ಷೇಪವದು. ಕಟ್ಟು ಹಾಕುವವರು ಅಂದಕ್ಕಾಗಿ ಇಡುವ ರಟ್ಟಿನ ಅಂಚು ಅನೇಕ ವೇಳೆ ಆ ಸಾಲನ್ನೇ ಮುಚ್ಚಿಬಿಡುತ್ತದೆ.

ಗೋಡೆಗೆ ಚಿತ್ರ ಬೇಕೆನ್ನುವವರಿಗೆ ನನ್ನ ಸಲಹೆ ಇಷ್ಟೇ: ಮೂಲ ಹಾಳೆಯೇ ಬೇಕೆಂಬ ಹಟ ಬೇಡ. ಹಲವು ಹಳೆಯ ಗ್ರಂಥಗಳ ಫಲಕಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಒಳ್ಳೆಯ ಕಾಗದದ ಮೇಲೆ ಮುದ್ರಿಸಿಕೊಳ್ಳಬಹುದು. ಮೂಲ ಹಾಳೆಯೇ ನಿಮ್ಮಲ್ಲಿದ್ದರೆ ನೇರ ಬಿಸಿಲು ತಾಗದಂತೆ ತೂಗುಹಾಕಿ. ಕೈಬಣ್ಣ ಬೇಗ ಮಾಸುತ್ತದೆ. ಕಟ್ಟು ಹಾಕಿಸುವಾಗ ಕೆಳಗಿನ ಆ ಸಣ್ಣ ಸಾಲು ಕಾಣುವಂತೆ ಬಿಡಿಸಲು ಮರೆಯಬೇಡಿ. ಮನೆಗೆ ಬಂದ ಮಕ್ಕಳು 'ಇದು ಯಾವ ಹೂ?' ಎಂದು ಕೇಳಿಯೇ ಕೇಳುತ್ತಾರೆ. 'ಇದನ್ನು ಬರೆದವರು ಯಾರು?' ಎಂದೂ ಅವರು ಕೇಳುವಂತಾಗಲಿ.