ಆಟ ಮುಖ್ಯವೋ, ನೋಟ ಮುಖ್ಯವೋ? ಚಲನೆ ಆಧಾರಿತ ಗೇಮಿಂಗ್ ಮತ್ತು ಟಿ.ವಿ. ಚಿತ್ರದ ಗುಣಮಟ್ಟ

2006ರ ನವೆಂಬರ್ ತಿಂಗಳಿನಲ್ಲಿ ಎರಡೇ ದಿನಗಳ ಅಂತರದಲ್ಲಿ ಎರಡು ವಿಡಿಯೊ ಗೇಮ್ ಕನ್ಸೋಲ್‌ಗಳು ಅಮೆರಿಕದ ಮಾರುಕಟ್ಟೆಯನ್ನು ಪ್ರವೇಶಿಸಿದವು. ನ. 17ರಂದು ಬಂದ ಸೋನಿಯ ಪ್ಲೇಸ್ಟೇಷನ್ 3, ಬ್ಲೂ-ರೇ ಡಿಸ್ಕ್ ಮತ್ತು 1080ಪಿ ಚಿತ್ರದ ಬಲವನ್ನು ನೆಚ್ಚಿಕೊಂಡಿತ್ತು. ಅದರ ಬೆಲೆ ಮಾದರಿಗೆ ತಕ್ಕಂತೆ 499 ಮತ್ತು 599 ಡಾಲರ್. ನ. 19ರಂದು ಬಂದ ನಿಂಟೆಂಡೊ ವೀ ಯಂತ್ರದ ಬೆಲೆ 249.99 ಡಾಲರ್. ಅದರ ಚಿತ್ರ ಹಳೆಯ ಟಿ.ವಿ.ಗಳ ಮಟ್ಟದ್ದೇ. ಆದರೆ ಅದರ ರಿಮೋಟ್ ಹಿಡಿದು ಕೈ ಬೀಸಿದರೆ ಪರದೆಯ ಮೇಲಿನ ಆಟಗಾರನೂ ಕೈ ಬೀಸುತ್ತಿದ್ದ.

ಗ್ರಾಹಕರು ನೀಡಿದ ತೀರ್ಪು ಅನೇಕ ತಜ್ಞರ ನಿರೀಕ್ಷೆಯನ್ನು ತಲೆಕೆಳಗು ಮಾಡಿತು. ವೀ ಒಟ್ಟು ಮಾರಾಟ 10.16 ಕೋಟಿ ದಾಟಿದರೆ, ಪ್ಲೇಸ್ಟೇಷನ್ 3 ಸುಮಾರು 8.74 ಕೋಟಿಗೆ ನಿಂತಿತು. ಹಾಗೆಂದು ಚಿತ್ರದ ಗುಣಮಟ್ಟಕ್ಕೆ ಬೆಲೆಯೇ ಇಲ್ಲವೆಂದು ತೀರ್ಮಾನಿಸಬಹುದೇ? ನಂತರದ ವರ್ಷಗಳ ಬೆಳವಣಿಗೆಯನ್ನು ಗಮನಿಸಿದರೆ ಉತ್ತರ ಅಷ್ಟು ಸರಳವಲ್ಲ. ಸಾವಿರಾರು ರೂಪಾಯಿ ತೆತ್ತು ದೊಡ್ಡ ಟಿ.ವಿ. ಮತ್ತು ಗೇಮ್ ಯಂತ್ರ ಕೊಳ್ಳುವ ಕುಟುಂಬಗಳಿಗೆ ಈ ಇತಿಹಾಸದಲ್ಲಿ ಪ್ರಯೋಜನಕರವಾದ ಪಾಠಗಳಿವೆ.

ಇಸ್ಪೀಟು ಕಂಪೆನಿಯ ಹೊಸ ದಾಳ

ನಿಂಟೆಂಡೊ ಜಪಾನಿನ ಕ್ಯೋಟೊ ನಗರದಲ್ಲಿ 1889ರಲ್ಲಿ ಆರಂಭವಾದ ಸಂಸ್ಥೆ. ಆಗ ಅದು ತಯಾರಿಸುತ್ತಿದ್ದುದು ಹನಾಫುಡಾ ಎಂಬ ಜಪಾನಿ ಇಸ್ಪೀಟು ಎಲೆಗಳನ್ನು. ವಿಡಿಯೊ ಗೇಮ್ ಕ್ಷೇತ್ರದಲ್ಲಿ 1980ರ ದಶಕದಲ್ಲಿ ಮೆರೆದ ಈ ಸಂಸ್ಥೆ, ಹೊಸ ಶತಮಾನದ ಆರಂಭದಲ್ಲಿ ಹಿನ್ನಡೆ ಕಂಡಿತು. 2001ರ ಗೇಮ್‌ಕ್ಯೂಬ್ ಯಂತ್ರ ಸುಮಾರು 2.17 ಕೋಟಿ ಮಾರಾಟವಾದರೆ, ಅದರ ಎದುರಾಳಿ ಪ್ಲೇಸ್ಟೇಷನ್ 2 ತನ್ನ ಜೀವಿತಾವಧಿಯಲ್ಲಿ 15 ಕೋಟಿಯ ಗಡಿ ದಾಟಿತು.

ಚಿತ್ರದ ಸ್ಪರ್ಧೆಯಲ್ಲಿ ಸೋನಿ, ಮೈಕ್ರೊಸಾಫ್ಟ್ ಸಂಸ್ಥೆಗಳನ್ನು ಬೆನ್ನಟ್ಟುವ ಬದಲು, ಆಗಿನ ಅಧ್ಯಕ್ಷ ಸತೋರು ಇವಾಟಾ ಬೇರೆಯೇ ದಾರಿ ಹಿಡಿದರು. ಆಟವಾಡದವರನ್ನೂ ಆಟಕ್ಕೆ ಕರೆತರುವುದು ಅವರ ಗುರಿಯಾಗಿತ್ತು. 2005ರ ಸೆಪ್ಟೆಂಬರ್‌ನಲ್ಲಿ ಟೋಕಿಯೊ ಗೇಮ್ ಷೋದಲ್ಲಿ ಅವರು ಟಿ.ವಿ. ರಿಮೋಟ್‌ನಂತಹ ನಿಯಂತ್ರಕವನ್ನು ಅನಾವರಣಗೊಳಿಸಿದರು. ಹತ್ತಾರು ಗುಂಡಿಗಳ ನಿಯಂತ್ರಕ ಕಂಡು ಹಿಂಜರಿಯುತ್ತಿದ್ದ ಹಿರಿಯರಿಗೂ ರಿಮೋಟ್ ಪರಿಚಿತ ವಸ್ತು.

ಕೈಚಲನೆಯ ಆಟ ಇದೇ ಮೊದಲೇನಲ್ಲ. ಮ್ಯಾಟೆಲ್ ಸಂಸ್ಥೆ 1989ರಲ್ಲಿಯೇ ಪವರ್ ಗ್ಲೋವ್ ಎಂಬ ಕೈಗವಸನ್ನು ತಂದಿತ್ತು. ಸೋನಿಯೂ 2003ರಲ್ಲಿ ಐಟಾಯ್ ಎಂಬ ಕ್ಯಾಮೆರಾವನ್ನು ಬಿಡುಗಡೆ ಮಾಡಿತ್ತು. ಆದರೆ ಅವು ಹೆಚ್ಚುವರಿ ಸಾಧನಗಳಾಗಿದ್ದವು. ಚಲನೆಯನ್ನೇ ಯಂತ್ರದ ಮುಖ್ಯ ನಿಯಂತ್ರಣವನ್ನಾಗಿಸಿ ಜನಪ್ರಿಯಗೊಳಿಸಿದ ಹಿರಿಮೆ ವೀಗೆ ಸಲ್ಲುತ್ತದೆ. ಜಪಾನ್ ಹೊರತಾದ ಬಹುತೇಕ ದೇಶಗಳಲ್ಲಿ ಯಂತ್ರದ ಜತೆಯಲ್ಲೇ ನೀಡಲಾದ ವೀ ಸ್ಪೋರ್ಟ್ಸ್ ಆಟದ ಎಂಟು ಕೋಟಿಗೂ ಅಧಿಕ ಪ್ರತಿಗಳು ಮನೆಗಳನ್ನು ತಲುಪಿದವು.

ರಿಮೋಟ್ ಕೆಲಸ ಮಾಡುವ ಬಗೆ

ವೀ ರಿಮೋಟ್‌ನಲ್ಲಿ ಎರಡು ಪ್ರಮುಖ ಅಂಗಗಳಿವೆ. ಒಂದು, ಆಕ್ಸಿಲರೋಮೀಟರ್. ಇದು ರಿಮೋಟ್ ಯಾವ ದಿಕ್ಕಿಗೆ, ಎಷ್ಟು ಬಿರುಸಿನಿಂದ ಚಲಿಸಿತು ಹಾಗೂ ಎತ್ತ ವಾಲಿದೆ ಎಂಬುದನ್ನು ಮೂರು ಅಕ್ಷಗಳಲ್ಲಿ ಅಳೆಯುತ್ತದೆ. ಇನ್ನೊಂದು, ರಿಮೋಟ್‌ನ ತುದಿಯಲ್ಲಿರುವ ಇನ್‌ಫ್ರಾರೆಡ್ ಕ್ಯಾಮೆರಾ.

ಟಿ.ವಿ.ಯ ಮೇಲೆ ಅಥವಾ ಕೆಳಗೆ ಇರಿಸುವ ಪಟ್ಟಿಗೆ ‘ಸೆನ್ಸರ್ ಬಾರ್’ ಎಂಬ ಹೆಸರಿದ್ದರೂ ವಾಸ್ತವವಾಗಿ ಅದು ಏನನ್ನೂ ಗ್ರಹಿಸುವುದಿಲ್ಲ. ಅದರ ಎರಡೂ ತುದಿಗಳಲ್ಲಿ ಕಣ್ಣಿಗೆ ಕಾಣದ ಬೆಳಕು ಸೂಸುವ ದೀಪಗಳಿವೆ, ಅಷ್ಟೆ. ಆ ಎರಡು ಬೆಳಕಿನ ಚುಕ್ಕೆಗಳನ್ನು ರಿಮೋಟ್‌ನ ಕ್ಯಾಮೆರಾ ನೋಡಿ, ತಾನು ಪರದೆಯ ಯಾವ ಭಾಗಕ್ಕೆ ಗುರಿಯಿಟ್ಟಿದ್ದೇನೆ ಎಂದು ಲೆಕ್ಕ ಹಾಕುತ್ತದೆ. ಪಟ್ಟಿಯ ಬದಲು ಎರಡು ಮೇಣದ ಬತ್ತಿ ಹಚ್ಚಿಟ್ಟರೂ ರಿಮೋಟ್ ಕೆಲಸ ಮಾಡುತ್ತದೆ! ಟಿ.ವಿ.ಯ ಹಿಂದೆ ಕಿಟಕಿಯಿದ್ದು ಬಿಸಿಲು ಬಿದ್ದರೆ ಗುರಿ ತಪ್ಪುವುದಕ್ಕೂ ಇದೇ ಕಾರಣ.

ಆಕ್ಸಿಲರೋಮೀಟರ್‌ಗೆ ಮಿತಿಯಿದೆ. ತೋಳನ್ನು ಪೂರ್ತಿ ಬೀಸಿದ್ದಕ್ಕೂ, ಸೋಫಾದಲ್ಲಿ ಒರಗಿ ಮಣಿಕಟ್ಟನ್ನು ಮಾತ್ರ ಝಾಡಿಸಿದ್ದಕ್ಕೂ ಅದು ಹೆಚ್ಚು ವ್ಯತ್ಯಾಸ ಕಾಣದು. ಈ ಕೊರತೆಯನ್ನು ನೀಗಲು ನಿಂಟೆಂಡೊ 2009ರಲ್ಲಿ ತಿರುಗುವಿಕೆಯನ್ನು ಅಳೆಯುವ ಗೈರೋಸ್ಕೋಪ್ ಉಳ್ಳ ಮೋಷನ್‌ಪ್ಲಸ್ ಎಂಬ ಜೋಡಣೆಯನ್ನು ಹೊರತಂದಿತು.

ಚಿತ್ರಬಿಂದುಗಳ ಲೆಕ್ಕಾಚಾರ

ಪರದೆಯ ಚಿತ್ರ ಅಸಂಖ್ಯ ಬಿಂದುಗಳಿಂದ ರೂಪುಗೊಳ್ಳುತ್ತದೆ. ಇವನ್ನು ಪಿಕ್ಸೆಲ್ ಎನ್ನಲಾಗುತ್ತದೆ. ಅಡ್ಡಸಾಲಿನ ಬಿಂದುಗಳನ್ನು ಸಾಲುಗಳ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಸಂಖ್ಯೆ ದೊರೆಯುತ್ತದೆ.

* 480ಪಿ (640×480): ಸುಮಾರು 3.07 ಲಕ್ಷ ಬಿಂದುಗಳು
* 720ಪಿ (1280×720): ಸುಮಾರು 9.22 ಲಕ್ಷ
* 1080ಪಿ (1920×1080): ಸುಮಾರು 20.74 ಲಕ್ಷ
* 4ಕೆ (3840×2160): ಸುಮಾರು 82.94 ಲಕ್ಷ

ವೀ ನೀಡಬಲ್ಲ ಗರಿಷ್ಠ ಚಿತ್ರ 480ಪಿ. 1080ಪಿ ಚಿತ್ರದಲ್ಲಿ ಇದರ ಆರೂಮುಕ್ಕಾಲು ಪಟ್ಟು ಬಿಂದುಗಳಿರುತ್ತವೆ. ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಗಳಲ್ಲಿ ಈ ಕೊರತೆ ಕಣ್ಣಿಗೆ ರಾಚುತ್ತಿರಲಿಲ್ಲ. ಭಾರತದ ಪಾಲ್ ಪದ್ಧತಿಯ ಟಿ.ವಿ.ಗಳು ತೋರಿಸುತ್ತಿದ್ದುದೇ 576 ಸಾಲುಗಳನ್ನು. ದೂರದರ್ಶನ ತನ್ನ ಎಚ್‌ಡಿ ಪ್ರಸಾರ ಆರಂಭಿಸಿದ್ದು 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಳೆಗೆ. ಅಂದರೆ ವೀ ಬಂದಾಗ ಜಗತ್ತಿನ ಬಹುಪಾಲು ಮನೆಗಳಲ್ಲಿದ್ದುದು ಹಳೆಯ ಟಿ.ವಿ.ಯೇ. ನಿಂಟೆಂಡೊದ ಲೆಕ್ಕಾಚಾರ ಫಲಿಸಲು ಈ ಕಾಲವೂ ಒದಗಿ ಬಂತು.

ಎಲ್‌ಸಿಡಿ ಮತ್ತು ಪ್ಲಾಸ್ಮಾ ಪರದೆಗಳು ಬಂದಂತೆ ಚಿತ್ರಣ ಬದಲಾಯಿತು. ಈ ಪರದೆಗಳಲ್ಲಿ ಬಿಂದುಗಳ ಸಂಖ್ಯೆ ನಿಗದಿಯಾಗಿರುತ್ತದೆ. 480 ಸಾಲುಗಳ ಚಿತ್ರ ಬಂದರೆ ಟಿ.ವಿ. ಅದನ್ನು ಹಿಗ್ಗಿಸಿ 1080 ಸಾಲುಗಳಲ್ಲಿ ತುಂಬಬೇಕು. ಇಲ್ಲದ ವಿವರವನ್ನು ಊಹಿಸಿ ತುಂಬುವುದರಿಂದ ಅಂಚುಗಳು ಮಸುಕಾಗುತ್ತವೆ, ಇಲ್ಲವೇ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ.

ಕೇಬಲ್‌ನ ಪಾತ್ರವೂ ಇಲ್ಲಿ ಗಣನೀಯ. ವೀ ಪೆಟ್ಟಿಗೆಯಲ್ಲಿ ದೊರೆಯುತ್ತಿದ್ದುದು ಕಾಂಪೋಸಿಟ್ ಕೇಬಲ್. ಅದರ ಹಳದಿ ತಂತಿಯೊಂದರಲ್ಲೇ ಬೆಳಕು, ಬಣ್ಣ ಎರಡರ ಸಂಕೇತವೂ ಬೆರೆತು ಹರಿಯುತ್ತದೆ. 480ಪಿ ಚಿತ್ರ ಬೇಕೆಂದರೆ ಪ್ರತ್ಯೇಕವಾಗಿ ಕಾಂಪೊನೆಂಟ್ ಕೇಬಲ್ ಕೊಳ್ಳಬೇಕಿತ್ತು. ಇದನ್ನರಿಯದ ಗ್ರಾಹಕರು ಹೊಸ ಟಿ.ವಿ.ಯ ಮೇಲೆ ಯಂತ್ರದ ನಿಜವಾದ ಸಾಮರ್ಥ್ಯಕ್ಕಿಂತಲೂ ಕಳಪೆ ಚಿತ್ರ ನೋಡುವಂತಾಯಿತು.

ಎಷ್ಟು ದೂರದಲ್ಲಿ ನಿಂತಿದ್ದೀರಿ?

ಚಿತ್ರದ ಸ್ಪಷ್ಟತೆ ಪರದೆಯ ಗಾತ್ರ ಮತ್ತು ನೋಡುವ ದೂರವನ್ನೂ ಅವಲಂಬಿಸಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನದ ವಿವರವನ್ನು ಗುರುತಿಸಬಲ್ಲದು ಎಂಬುದು ಸಾಮಾನ್ಯ ಅಳತೆಗೋಲು. ಈ ಲೆಕ್ಕದಲ್ಲಿ 42 ಇಂಚಿನ ಟಿ.ವಿ.ಯಲ್ಲಿ 1080ಪಿ ಚಿತ್ರದ ಬಿಂದುಗಳು ಸುಮಾರು ಐದೂವರೆ ಅಡಿಯಾಚೆ, 720ಪಿ ಬಿಂದುಗಳು ಸುಮಾರು ಎಂಟು ಅಡಿಯಾಚೆ ಪ್ರತ್ಯೇಕವಾಗಿ ಕಾಣವು. 480 ಸಾಲಿನ ಚಿತ್ರಕ್ಕೆ ಈ ದೂರ 12 ಅಡಿ ದಾಟುತ್ತದೆ.

ಕೈ ಬೀಸಿ ಆಡುವವರು ಸಾಮಾನ್ಯವಾಗಿ ಆರರಿಂದ ಎಂಟು ಅಡಿ ದೂರ ನಿಲ್ಲುತ್ತಾರೆ. ಆ ದೂರದಲ್ಲಿ 720ಪಿ ಮತ್ತು 1080ಪಿ ನಡುವಿನ ಅಂತರ ಅಲ್ಪ. ಆದರೆ 480ಪಿ ಚಿತ್ರದ ಒರಟುತನ ಎದ್ದು ಕಾಣುತ್ತದೆ. ವೀ ಬಗ್ಗೆ ಕೇಳಿಬಂದ ದೂರಿನಲ್ಲಿ ಹುರುಳಿತ್ತು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ವಿಳಂಬವೆಂಬ ಕಾಣದ ಶತ್ರು

ಚಲನೆಯ ಆಟಗಳಲ್ಲಿ ಸ್ಪಷ್ಟತೆಗಿಂತ ಹೆಚ್ಚು ಕಾಡುವುದು ವಿಳಂಬ. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಒಂದು ಚಿತ್ರದ ಆಯುಷ್ಯ ಸುಮಾರು 16.7 ಮಿಲಿಸೆಕೆಂಡ್. ಬಣ್ಣ ತಿದ್ದುವುದು, ಹಿಗ್ಗಿಸುವುದು, ಚಲನೆಯನ್ನು ನಯಗೊಳಿಸುವುದು ಮುಂತಾದ ಸಂಸ್ಕರಣೆಗೆ ಟಿ.ವಿ. ಹಲವು ಚಿತ್ರಗಳಷ್ಟು ಕಾಲ ತೆಗೆದುಕೊಂಡರೆ, ಬ್ಯಾಟ್ ಬೀಸಿದ ನಂತರ ಪರದೆಯ ಬ್ಯಾಟ್ ಬೀಸುತ್ತದೆ. ಸಿನಿಮಾ ನೋಡುವಾಗ ಇದು ತಿಳಿಯುವುದೇ ಇಲ್ಲ. ಆಡುವಾಗ ಚೆಂಡು ಕೈತಪ್ಪುತ್ತದೆ. ಚಿತ್ರವನ್ನು ಅಂದಗೊಳಿಸುವ ಸೌಲಭ್ಯವೇ ಆಟವನ್ನು ಕೆಡಿಸುವುದು ವಿಪರ್ಯಾಸ. ಇದಕ್ಕಾಗಿಯೇ ಟಿ.ವಿ.ಗಳಲ್ಲಿ ಅನಗತ್ಯ ಸಂಸ್ಕರಣೆ ಕೈಬಿಡುವ ‘ಗೇಮ್ ಮೋಡ್’ ಅಳವಡಿಸಲಾಗಿದೆ.

ಪ್ರತಿಸ್ಪರ್ಧಿಗಳ ಉತ್ತರ

ವೀ ಯಶಸ್ಸು ಕಂಡು ಎದುರಾಳಿಗಳು ಸುಮ್ಮನೆ ಕೂರಲಿಲ್ಲ. ಸೋನಿ 2010ರ ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್ ಮೂವ್ ತಂದಿತು. ಕೋಲಿನ ತುದಿಯಲ್ಲಿ ಹೊಳೆಯುವ ಗೋಲವನ್ನು ಟಿ.ವಿ. ಬಳಿಯ ಕ್ಯಾಮೆರಾ ಹಿಂಬಾಲಿಸುವ ವ್ಯವಸ್ಥೆ ಇದು. ಗೋಲ ಚಿಕ್ಕದಾಗಿ ಕಂಡರೆ ದೂರ, ದೊಡ್ಡದಾಗಿ ಕಂಡರೆ ಹತ್ತಿರ ಎಂಬ ಸರಳ ತತ್ವ ಇದರ ಆಧಾರ.

ಮೈಕ್ರೊಸಾಫ್ಟ್ 2010ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಕಿನೆಕ್ಟ್, ನಿಯಂತ್ರಕವನ್ನೇ ಕೈಬಿಟ್ಟಿತು. ಇಸ್ರೇಲಿನ ಪ್ರೈಮ್‌ಸೆನ್ಸ್ ಸಂಸ್ಥೆಯ ತಂತ್ರಜ್ಞಾನ ಬಳಸಿ, ಕೋಣೆಯ ತುಂಬ ಕಣ್ಣಿಗೆ ಕಾಣದ ಬೆಳಕಿನ ಚುಕ್ಕೆಗಳನ್ನು ಹರಡಿ, ಅವು ಬಿದ್ದ ಬಗೆಯಿಂದ ದೇಹದ ಆಕಾರ ಗ್ರಹಿಸುವ ಸಾಧನವಿದು. ಮೊದಲ 60 ದಿನಗಳಲ್ಲಿ 80 ಲಕ್ಷ ಮಾರಾಟವಾಗಿ ಗಿನ್ನೆಸ್ ದಾಖಲೆ ಸೇರಿತು. ಆದರೆ ಒಬ್ಬರಿಗೆ ಸುಮಾರು ಆರು ಅಡಿ, ಇಬ್ಬರಿಗೆ ಎಂಟು ಅಡಿ ಅಂತರ ಬೇಕಿತ್ತು. ಸೋಫಾ, ಟೀಪಾಯಿ ತುಂಬಿದ ನಗರದ ಫ್ಲ್ಯಾಟ್‌ಗಳಲ್ಲಿ ಇಷ್ಟು ಜಾಗ ತೆರವು ಮಾಡುವುದು ಸುಲಭದ ಮಾತಲ್ಲ.

ಚಲನೆ ಮತ್ತು ಚಿತ್ರ ನೇರವಾಗಿ ಮುಖಾಮುಖಿಯಾದದ್ದು 2013ರಲ್ಲಿ. ಆ ವರ್ಷ ಎಕ್ಸ್‌ಬಾಕ್ಸ್ ಒನ್ ಯಂತ್ರವನ್ನು ಕಿನೆಕ್ಟ್ ಸಹಿತ 499 ಡಾಲರ್‌ಗೆ ಮಾರಲಾಯಿತು. ಪ್ಲೇಸ್ಟೇಷನ್ 4ರ ಬೆಲೆ 399 ಡಾಲರ್. ಎಕ್ಸ್‌ಬಾಕ್ಸ್‌ನ ಗ್ರಾಫಿಕ್ಸ್ ಸಾಮರ್ಥ್ಯದ ಒಂದು ಪಾಲು ಕಿನೆಕ್ಟ್‌ಗೆ ಮೀಸಲಾಗಿತ್ತು. ‘ಕಾಲ್ ಆಫ್ ಡ್ಯೂಟಿ: ಗೋಸ್ಟ್ಸ್’ ಆಟ ಸೋನಿ ಯಂತ್ರದಲ್ಲಿ 1080ಪಿ, ಎಕ್ಸ್‌ಬಾಕ್ಸ್‌ನಲ್ಲಿ 720ಪಿ ಆಗಿದ್ದದ್ದು ಟೀಕೆಗೆ ಗುರಿಯಾಯಿತು. 2014ರ ಜೂನ್‌ನಲ್ಲಿ ಮೈಕ್ರೊಸಾಫ್ಟ್ ಕಿನೆಕ್ಟ್ ಇಲ್ಲದ ಯಂತ್ರವನ್ನು 399 ಡಾಲರ್‌ಗೆ ತಂದದ್ದಲ್ಲದೆ, ಮೀಸಲಿಟ್ಟಿದ್ದ ಶೇ 10ರವರೆಗಿನ ಸಾಮರ್ಥ್ಯವನ್ನು ಆಟಗಳಿಗೆ ಬಿಟ್ಟುಕೊಟ್ಟಿತು. ಈ ಸುತ್ತಿನಲ್ಲಿ ಗೆದ್ದದ್ದು ಚಿತ್ರ. ಕಿನೆಕ್ಟ್ ಉತ್ಪಾದನೆ 2017ರಲ್ಲಿ ನಿಂತಿತು.

ಒಡೆದ ಪರದೆ, ನೊಂದ ಭುಜ

ಕೈ ಬೀಸುವ ಆಟಕ್ಕೆ ಅಪಾಯಗಳೂ ಇದ್ದವು. ಬೆವರಿದ ಕೈಯಿಂದ ಜಾರಿದ ರಿಮೋಟ್‌ಗಳು ಟಿ.ವಿ. ಪರದೆಗೆ ಬಡಿದ ಪ್ರಕರಣಗಳ ಬಳಿಕ, 2006ರ ಡಿಸೆಂಬರ್‌ನಲ್ಲಿ ನಿಂಟೆಂಡೊ ಸುಮಾರು 32 ಲಕ್ಷ ಮಣಿಕಟ್ಟಿನ ಪಟ್ಟಿಗಳನ್ನು ಬದಲಿಸಿಕೊಡುವುದಾಗಿ ಪ್ರಕಟಿಸಿತು. 2007ರಲ್ಲಿ ರಿಮೋಟ್‌ಗೆ ರಬ್ಬರಿನಂತಹ ಕವಚವೂ ಬಂತು. ಅದೇ ವರ್ಷ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆ, ಗಂಟೆಗಟ್ಟಲೆ ವೀ ಟೆನಿಸ್ ಆಡಿ ಭುಜದ ಸ್ನಾಯುರಜ್ಜು ಊದಿಕೊಂಡ ಪ್ರಕರಣವನ್ನು ಪ್ರಕಟಿಸಿತು. ನಿಜವಾದ ಮೈದಾನಕ್ಕೆ ಇಳಿಯುವ ಮುನ್ನ ಮೈ ಸಡಿಲಿಸುವವರು ಟಿ.ವಿ. ಮುಂದೆ ಆ ಎಚ್ಚರ ಮರೆಯಬಾರದು.

ಎರಡೂ ಕೂಡಿದ ದಾರಿ

2012ರಲ್ಲಿ ಬಂದ ವೀ ಯು, ಎಚ್‌ಡಿಎಂಐ ಮೂಲಕ 1080ಪಿ ಚಿತ್ರ ನೀಡಿತು. ಆದರೂ ಮಾರಾಟ 1.36 ಕೋಟಿಗೇ ನಿಂತಿತು. ಸುಧಾರಿತ ಚಿತ್ರವೊಂದೇ ಸಾಲದೆಂದು ನಿಂಟೆಂಡೊ ಮತ್ತೊಮ್ಮೆ ಕಲಿತ ಪಾಠವದು. 2017ರ ಸ್ವಿಚ್ ಯಂತ್ರದ ಜಾಯ್-ಕಾನ್ ನಿಯಂತ್ರಕಗಳಲ್ಲಿ ಚಲನೆಯ ಸಂವೇದಕಗಳು ಉಳಿದವು. ಟಿ.ವಿ.ಗೆ ಜೋಡಿಸಿದಾಗ 1080ಪಿವರೆಗಿನ ಚಿತ್ರವೂ ದೊರೆಯಿತು. ಅದರ ಮಾರಾಟ 15 ಕೋಟಿ ದಾಟಿದೆ. 2025ರ ಜೂನ್ 5ರಂದು ಬಂದ ಸ್ವಿಚ್ 2 ಟಿ.ವಿ.ಯಲ್ಲಿ 4ಕೆವರೆಗಿನ ಚಿತ್ರ ನೀಡುತ್ತದೆ.

ವೀಗಾಗಿ 2011ರಲ್ಲಿ ಬಂದ ಜೆಲ್ಡಾ ಸರಣಿಯ ‘ಸ್ಕೈವರ್ಡ್ ಸ್ವೋರ್ಡ್’ ಖಡ್ಗ ಬೀಸಿ ಆಡುವ ಆಟ. 2021ರಲ್ಲಿ ಸ್ವಿಚ್‌ಗೆ ಮರಳಿದಾಗ ಅದರ ಚಿತ್ರ 1080ಪಿಗೂ, ವೇಗ ಸೆಕೆಂಡಿಗೆ 30ರಿಂದ 60 ಚಿತ್ರಗಳಿಗೂ ಏರಿತ್ತು. ಚಲನೆಯ ಜತೆಗೆ ಗುಂಡಿಗಳಿಂದ ಆಡುವ ಆಯ್ಕೆಯನ್ನೂ ನೀಡಲಾಗಿತ್ತು.

ಕೊಳ್ಳುವವರ ಗಮನಕ್ಕೆ

* ಟಿ.ವಿ.ಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಇದೆಯೇ ಎಂದು ಅಂಗಡಿಯಲ್ಲೇ ಪರಿಶೀಲಿಸಿ. ಆಡುವಾಗ ತಪ್ಪದೇ ಚಾಲೂ ಮಾಡಿ.
* ಹಳೆಯ ವೀ ಇದ್ದಲ್ಲಿ ಕಾಂಪೊನೆಂಟ್ ಕೇಬಲ್ ಬಳಸಿ, ಯಂತ್ರದ ಸೆಟ್ಟಿಂಗ್‌ನಲ್ಲಿ 480ಪಿ ಆಯ್ಕೆ ಮಾಡಿ.
* ಈಗಿನ ಹಲವು ಟಿ.ವಿ.ಗಳಲ್ಲಿ ಕಾಂಪೊನೆಂಟ್ ಕಿಂಡಿ ಇಲ್ಲ. ಎಚ್‌ಡಿಎಂಐ ಅಡಾಪ್ಟರ್ ಬಳಸಬಹುದು. ಆದರೆ ಅದು ಸಂಪರ್ಕ ಕಲ್ಪಿಸುತ್ತದೆಯೇ ಹೊರತು, ಯಂತ್ರ ನೀಡದ ವಿವರವನ್ನು ಚಿತ್ರಕ್ಕೆ ಸೇರಿಸದು.
* ಪರದೆಯ ಗಾತ್ರ ನಿರ್ಧರಿಸುವ ಮುನ್ನ ನಿಲ್ಲುವ ಜಾಗ ಮತ್ತು ಪರದೆ ನಡುವಿನ ದೂರ ಅಳೆಯಿರಿ. ಸುತ್ತ ತೋಳು ಚಾಚುವಷ್ಟು ಜಾಗವಿರಲಿ.
* ಟಿ.ವಿ.ಯ ಹಿಂಬದಿ ಬಿಸಿಲು ಬೀಳುವ ಕಿಟಕಿಯಿದ್ದರೆ ಪರದೆ ಎಳೆಯಿರಿ.
* ಮಣಿಕಟ್ಟಿನ ಪಟ್ಟಿಯನ್ನು ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಕಟ್ಟಿಕೊಳ್ಳಬೇಕು.

ಒಬ್ಬರೇ ಕುಳಿತು ದೀರ್ಘ ಕಥಾನಕದ ಆಟ ಆಡುವವರಿಗೆ ಚಿತ್ರದ ಸ್ಪಷ್ಟತೆ ಮುಖ್ಯ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಕೂಡಿ ಬೌಲಿಂಗ್ ಆಡುವ ಮನೆಗೆ ಸುಲಭ ನಿಯಂತ್ರಣ ಮತ್ತು ಕಡಿಮೆ ವಿಳಂಬ ಮುಖ್ಯ. ಮನೆಯಲ್ಲಿ ಆಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡ ಮೇಲೆ ಪಿಕ್ಸೆಲ್‌ಗಳ ಲೆಕ್ಕಕ್ಕೆ ಕೈ ಹಾಕುವುದು ಒಳಿತು.